ಮೊದಲ ಮಾಲೀಕ

ಫೋನ್ ಬಂದಾಗ ಕವನ ಏಳನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಭದ್ರಾವತಿಯ ನ್ಯೂ ಟೌನ್‌ನ ಖಾಸಗಿ ಶಾಲೆಯೊಂದರಲ್ಲಿ ಅವಳು ಸಮಾಜ ವಿಜ್ಞಾನದ ಟೀಚರು. ಗೊತ್ತಿಲ್ಲದ ನಂಬರು. ಲೋನ್ ಬೇಕಾ ಎಂದು ಕೇಳುವವರಿರಬೇಕು ಅಂದುಕೊಂಡು ಕಟ್ ಮಾಡಿದಳು. ಮತ್ತೆ ಬಂತು. ಎತ್ತಿದಳು.

"ಮೇಡಂ, ನನ್ನ ಹೆಸರು ಶಿವಪ್ರಸಾದ್ ಅಂತ. ಶಿವಮೊಗ್ಗ ದುರ್ಗಿಗುಡಿಯಿಂದ ಮಾತಾಡ್ತಿದೀನಿ. ಪರಮೇಶ್ ಅನ್ನೋರು ನಿಮಗೆ ಏನಾಗಬೇಕು?"

ಕೆಂಪು ಪೆನ್ನು ಅಲ್ಲೇ ನಿಂತಿತು.

"ನಮ್ಮಣ್ಣ," ಎಂದಳು. "ಎಲ್ಲಿದಾನೆ?"

ಆ ಕಡೆಯವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಅವರು ಎಲ್ಲಿದಾರೋ ನಂಗೊತ್ತಿಲ್ಲ ಮೇಡಂ. ಅವರ ಬೈಕ್ ಇಲ್ಲಿ ಮಾರಾಟಕ್ಕಿದೆ. ನಮ್ಮ ತೋಟಕ್ಕೆ ಓಡಾಡೋಕೆ ಬೇಕಿತ್ತು, ನೋಡಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಅಲ್ವಾ, ಕಣ್ಮುಚ್ಚಿ ತಗೊಳೋದು ಬೇಡ ಅಂತ ಕಂಪನಿ ಸರ್ವೀಸ್ ಸೆಂಟರ್‌ಗೆ ಒಯ್ದು ತೋರಿಸ್ದೆ. ಅಲ್ಲಿ ಕಂಪ್ಯೂಟರ್‌ನಲ್ಲಿ ಮೊದಲನೇ ಓನರ್ ಪರಮೇಶ್ ಅಂತ ಬಂತು. ಅವರ ನಂಬರ್ ಹತ್ತಲಿಲ್ಲ. ಅದರ ಕೆಳಗಿದ್ದದ್ದು ನಿಮ್ದು. ಆಕ್ಸಿಡೆಂಟ್ ಗೀಕ್ಸಿಡೆಂಟ್ ಏನಾದ್ರೂ ಆಗಿತ್ತಾ, ಯಾಕೆ ಮಾರಿದ್ರು ಅಂತ ಒಂದ್ಮಾತು ಕೇಳೋಣ ಅಂತ ಮಾಡ್ದೆ."

"ಗಾಡಿ ಯಾವ ಬಣ್ಣ ಸರ್?"

"ನೀಲಿ. ಸೀಟು ಮಾತ್ರ ಬೇರೆ ಥರ ಇದೆ, ಕಾಫಿ ಬಣ್ಣದ ರೆಕ್ಸಿನ್ ಹಾಕಿ ಚೆನ್ನಾಗಿ ಹೊಲೆದಿದಾರೆ."

ಆ ಸೀಟನ್ನು ಪರಮೇಶನೇ ಹೊಲೆದಿದ್ದ. ಜನ್ನಾಪುರದ ಅವರ ಮನೆಯ ಜಗಲಿಯ ಮೇಲೆ ಕೂತು ಒಂದು ಭಾನುವಾರವಿಡೀ ಹೊಲೆದಿದ್ದ. ಕವನ ಎದ್ದು ನಿಂತಳು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತನ್ನ ಕಡೆ ತಿರುಗಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಸರ್, ಆ ಗಾಡೀನ ಯಾರಿಗೂ ಕೊಡಬೇಡಿ ಅಂತ ಹೇಳಿ. ನಮ್ಮಣ್ಣ ಮನೆ ಬಿಟ್ಟು ಹೋಗಿ ಮೂರು ವರ್ಷ ಆಯ್ತು."

ಪರಮೇಶ ಹೋದದ್ದು ಜಗಳವಾಡಿಕೊಂಡು. ಅಪ್ಪ ಬಂಗಾರಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿದವರು. ಯಾರ ಯಾರದೋ ಕೈಕಾಲು ಹಿಡಿದು ಮಗನಿಗೂ ಅಲ್ಲೊಂದು ಕೆಲಸ ಕೊಡಿಸಿದ್ದರು. ಹುಡುಗನಿಗೆ ಅದು ಒಗ್ಗಲಿಲ್ಲ. ಮನೆಯಲ್ಲಿ ಹೇಳದೆ ಬಿಟ್ಟು, ಶಿವಮೊಗ್ಗದ ಅಂಗಡಿಯೊಂದರಲ್ಲಿ ಕಾರುಗಳಿಗೆ ಸೀಟ್ ಕವರ್ ಹಾಕುವ ಕೆಲಸಕ್ಕೆ ಸೇರಿಕೊಂಡ. ವಿಷಯ ಬಂಗಾರಪ್ಪನವರಿಗೆ ಬೇರೆಯವರ ಬಾಯಿಂದ ಗೊತ್ತಾಯಿತು. ಮರುದಿನ ಬೆಳಿಗ್ಗೆ ತಿಂಡಿಗೆ ಕೂತವನನ್ನು ಎಬ್ಬಿಸಿ ಬೈದರು. "ನನ್ನ ಮರ್ಯಾದೆ ಮೂರು ಕಾಸಿಗೆ ತಂದೆ. ಸಂಜೆ ಈ ಮನೆಗೆ ಕಾಲಿಡಬೇಡ" ಎಂದರು. ಪರಮೇಶ "ಆಯ್ತು, ಬರಲ್ಲ" ಎಂದು ಬೈಕ್ ಹತ್ತಿದ. ಬರಲಿಲ್ಲ.

ಅಂಗಡಿಗೆ ಹೋಗಿದ್ದ, ಮಧ್ಯಾಹ್ನ ಬೇಗ ಹೊರಟಿದ್ದ ಎಂಬಷ್ಟು ತಿಳಿಯಿತು. ರಾತ್ರಿಯವರೆಗೆ ಫೋನ್ ರಿಂಗಾಗಿ ಆಮೇಲೆ ಸ್ವಿಚ್ ಆಫ್. ಕೊನೆಯ ಟವರ್ ಭದ್ರಾವತಿ ಕಡೆಯದೇ. ಕೋಪ ಇಳಿದ ಮೇಲೆ ಬರ್ತಾನೆ ಬಿಡಿ ಎಂದರು ಪೊಲೀಸರು. ಗಾಡಿ ಕಳುವಾಗಿದೆ ಅಂತಲೂ ಬರೆದುಕೊಡಿ, ಹುಡುಕೋಕೆ ಸುಲಭ ಎಂದಾಗ ಬಂಗಾರಪ್ಪ ಒಪ್ಪಲಿಲ್ಲ. "ಅವನ ಗಾಡೀನ ಅವನೇ ತಗೊಂಡು ಹೋಗಿದಾನೆ. ಮಗನ್ನ ಕಳ್ಳ ಅಂತ ಹೆಂಗೆ ಬರೆಸ್ಲಿ ಸಾರ್?" ಎಂದಿದ್ದರು. ಆಮೇಲೆ ಫೋಟೋ ಹಿಡಿದು ದಾವಣಗೆರೆ, ಹುಬ್ಬಳ್ಳಿ, ಕೊಯಮತ್ತೂರು ಎಂದು ಸೀಟ್ ಕವರ್ ಅಂಗಡಿಗಳಿರುವ ಊರೂರು ಅಲೆದರು.

ತಾಯಿ ಹಾಲಮ್ಮನಿಗೆ ಮಾತ್ರ ಮಗ ಬದುಕಿದ್ದಾನೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಏನಾದರೂ ಆಗಿದ್ದರೆ ಬೈಕಾದರೂ ಸಿಗಬೇಕಿತ್ತಲ್ಲ ಎನ್ನುವುದು ಅವಳ ಲೆಕ್ಕ. ಗಾಡಿ ಸಿಕ್ಕಿಲ್ಲವೆಂದರೆ ಅವನು ಅದರ ಮೇಲೆ ಎಲ್ಲೋ ಓಡಾಡಿಕೊಂಡಿದ್ದಾನೆ. ಮಳೆ ಬಂದರೆ, "ಗಾಡೀಲಿ ಹೋಗೋವಾಗ ರೈನ್ ಕೋಟ್ ಹಾಕ್ಕೊಳ್ತಾನೋ ಇಲ್ವೋ" ಎನ್ನುತ್ತಿದ್ದಳು. ಪೆಟ್ರೋಲ್ ರೇಟು ಏರಿತೆಂದು ಟಿ.ವಿ.ಯಲ್ಲಿ ಬಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು.

ಆ ಸಂಜೆ ಕವನ ಸುದ್ದಿ ಹೇಳಿದಾಗ ಬಂಗಾರಪ್ಪ ಅಂಗಿ ಹುಡುಕತೊಡಗಿದರು. ಹಾಲಮ್ಮ ನಕ್ಕುಬಿಟ್ಟಳು. ಕವನ ಆ ನಗು ನೋಡಿ ಎಷ್ಟು ಕಾಲವಾಗಿತ್ತೋ.

"ಶಿವಮೊಗ್ಗದಲ್ಲೇ ಇದಾನೆ ನೋಡು! ಇಷ್ಟು ಹತ್ರ ಇಟ್ಕೊಂಡು ಎಲ್ಲೆಲ್ಲೋ ಹುಡುಕಿದ್ರಿ."

"ಅಮ್ಮ, ಗಾಡಿ ಸಿಕ್ಕಿರೋದು. ಅವನು ಸಿಕ್ಕಿಲ್ಲ."

"ಮಾರಿದಾನೆ ಅಂದ್ರೆ ಕೈಲಿ ದುಡ್ಡಿಲ್ಲ ಮಾರಾಯ್ತಿ. ಕೊಂಡೋರಿಗೆ ಎಲ್ಲಿದಾನೆ ಅಂತ ಗೊತ್ತಿರುತ್ತೆ. ಹೋಗಿ ಕರ್ಕೊಂಡು ಬನ್ನಿ. ಯಾಕೆ ಮಾರಿದೆ, ಎಲ್ಲಿದ್ದೆ, ಏನೂ ಕೇಳಬೇಡಿ. ಸುಮ್ನೆ ಕರ್ಕೊಂಡು ಬನ್ನಿ."

ಮರುದಿನ ಬೆಳಿಗ್ಗೆ ಇಬ್ಬರೂ ಹೊರಡುವಾಗ ಹಾಲಮ್ಮ ಮಗನ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದಳು.

ಮಲ್ಲಿಕ್ ಎಂಬವರ ಹಳೇ ಬೈಕುಗಳ ಅಂಗಡಿ ಶಿವಮೊಗ್ಗದ ಬೈಪಾಸ್ ರಸ್ತೆಯ ಪಕ್ಕದಲ್ಲಿತ್ತು. ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ನಿಂತ ಗಾಡಿಗಳು. ಶಿವಪ್ರಸಾದ್ ಆಗಲೇ ಬಂದು ಕಾಯುತ್ತಿದ್ದರು. ಐವತ್ತು ದಾಟಿದ, ಕನ್ನಡಕದ ಮನುಷ್ಯ. ಬಂಗಾರಪ್ಪನವರ ಕೈ ಹಿಡಿದುಕೊಂಡರು.

ನೀಲಿ ಬೈಕು ಸಾಲಿನ ಕೊನೆಯಲ್ಲಿತ್ತು. ತೊಳೆದು ಹೊಳಪು ಕೊಟ್ಟಿದ್ದರು. ಬಂಗಾರಪ್ಪ ಸೀಟಿನ ಮೇಲೆ ಕೈಯಿಟ್ಟರು. ಹೊಲಿಗೆಯ ಮೇಲೆ ಬೆರಳಾಡಿಸುತ್ತ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋದರು. ಎಲ್ಲೂ ಬಿಟ್ಟಿರಲಿಲ್ಲ.

"ಗಟ್ಟಿ ಹೊಲೆದಿದಾನೆ," ಎಂದರು, ಯಾರಿಗೂ ಅಲ್ಲದ ಹಾಗೆ.

ಕವನ ಮೊಬೈಲಿನಲ್ಲಿ ಅಣ್ಣನ ಫೋಟೋ ತೆಗೆದು ಮಲ್ಲಿಕ್ ಮುಂದೆ ಹಿಡಿದಳು. "ನಿಮಗೆ ಮಾರಿದ್ದು ಇವನಾ?"

ಮಲ್ಲಿಕ್ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಹೌದು ಎನ್ನಲು ಅವರಿಗೂ ಆಸೆಯಿದ್ದಂತಿತ್ತು. "ಅಲ್ಲ ತಂಗಿ. ವಯಸ್ಸಾದೋನು ಬಂದಿದ್ದ. ಚೌಡಯ್ಯ ಅಂತ. ಹೊಳೆಹೊನ್ನೂರು ರೋಡಲ್ಲಿ ಒಳಗೆ ಒಂದು ಹಳ್ಳಿ, ಹೊಳೆ ದಂಡೇಲಿ. ಪರಿಚಯದೋರು ಮಾರಿದ್ದು, ಆರ್‌ಸಿ ಕಳೆದೋಗಿದೆ, ಡೂಪ್ಲಿಕೇಟ್ ಮಾಡಿಸಿ ಕೊಡ್ತೀನಿ ಅಂದ. ನಾನು ಕದ್ದ ಮಾಲು ಮುಟ್ಟೋನಲ್ಲ, ಖುದಾ ಕಸಂ. ಈ ಸಾಹೇಬ್ರು ಚೆಕ್ ಮಾಡಿಸ್ತೀನಿ ಅಂದಾಗ ಧಾರಾಳವಾಗಿ ಮಾಡಿಸಿ ಅಂದೆ."

"ಪರಮೇಶ ಅವರಿಗೆ ಮಾರಿರಬೇಕು," ಎಂದರು ಬಂಗಾರಪ್ಪ. "ಆ ಮನುಷ್ಯನ್ನ ಕೇಳಿದ್ರೆ ಗೊತ್ತಾಗುತ್ತೆ."

"ನನ್ನ ಕಾರಿದೆ, ಬನ್ನಿ," ಎಂದರು ಶಿವಪ್ರಸಾದ್. ಬೇಡವೆನ್ನುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಚೌಡಯ್ಯನ ಮನೆ ಗದ್ದೆಬಯಲಿನ ಅಂಚಿನಲ್ಲಿತ್ತು. ಹೊಳೆದಂಡೆಯ ಪಂಪ್‌ಸೆಟ್‌ಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಕಾರು ನಿಂತದ್ದು ಕಂಡು ಹೊರಗೆ ಬಂದ. ತೆಳ್ಳಗಿನ, ಬೆನ್ನು ಬಾಗಿದ ಆಳು. ಕವನ ನೀಲಿ ಬೈಕಿನ ನಂಬರ್ ಹೇಳಿದಳು. ಪರಮೇಶನ ತಂಗಿ ಎಂದಳು. ಇವರು ಅಪ್ಪ ಎಂದಳು. ಅವನು ಬಂಗಾರಪ್ಪನವರ ಮುಖ ನೋಡಿದ. ಹೊಸ್ತಿಲ ಮೇಲೆ ಕೂತ.

"ಅವನು ನಿಮಗೆ ಮಾರಿದ್ನಾ?" ಎಂದು ಬಂಗಾರಪ್ಪ ಕೇಳಿದರು. "ಎಲ್ಲಿಗೆ ಹೋಗ್ತೀನಿ ಅಂದ?"

ಚೌಡಯ್ಯ ತಲೆಯೆತ್ತಲಿಲ್ಲ. "ನನ್ನತ್ರ ಮಾತೇ ಆಡಿಲ್ಲ ಸ್ವಾಮಿ. ನಾನು ಅವರ ಮುಖ ಕೂಡ ನೋಡಿಲ್ಲ."

"ಮತ್ತೆ ಗಾಡಿ?"

"ಹೊಳೆ ಹತ್ರ ನಿಂತಿತ್ತು. ಕೀ ಅದರಲ್ಲೇ ಇತ್ತು. ಪಕ್ಕದಲ್ಲಿ ಬಂಡೆ ಮೇಲೆ ಪ್ಯಾಂಟು, ಅಂಗಿ ಮಡಚಿಟ್ಟಿದ್ರು. ಈಜೋಕೆ ಇಳಿದಿದಾರೆ ಅಂದ್ಕೊಂಡೆ. ಬಿಸಿಲಿಗೆ ಎಷ್ಟೋ ಹುಡುಗ್ರು ಬರ್ತಾರೆ ಅಲ್ಲಿಗೆ. ಪಂಪ್ ಹಾಕಿ ಮನೆಗೆ ಬಂದೆ. ಸಂಜೆ ಹೋದಾಗ್ಲೂ ಗಾಡಿ ಅಲ್ಲೇ ಇತ್ತು, ಬಟ್ಟೇನೂ ಅಲ್ಲೇ ಇತ್ತು." ಅವನು ಹೊಳೆಯ ಕಡೆ ಕೈ ತೋರಿಸಿದ. "ಅವತ್ತು ಮಧ್ಯಾಹ್ನದ ಮೇಲೆ ಡ್ಯಾಮಿಂದ ನೀರು ಬಿಟ್ಟಿದ್ರು. ಡಂಗುರ ಸಾರಿದ್ರು. ಹೊರಗಿನೋರಿಗೆ ಹೆಂಗೆ ಗೊತ್ತಾಗಬೇಕು."

ಪರಮೇಶ ಚೆನ್ನಾಗಿ ಈಜುತ್ತಿದ್ದ. ಮನಸ್ಸು ಕೆಟ್ಟಾಗೆಲ್ಲ ಹೊಳೆಗೆ ಹೋಗಿ ಬಿದ್ದಿರುತ್ತಿದ್ದ. ಕವನಳಿಗೆ ಅದು ಗೊತ್ತಿತ್ತು, ಆದರೆ ಊರೊಳಗಿನ ಸೇತುವೆಯ ಹತ್ತಿರ ಹೋಗುತ್ತಾನೆಂದೇ ಅಂದುಕೊಂಡಿದ್ದಳು. ಇಷ್ಟು ದೂರ ಬರುತ್ತಾನೆಂದು ಅಲ್ಲ.

"ಯಾರಿಗೂ ಹೇಳಲಿಲ್ವಾ?" ಅವಳ ದನಿ ಏರಿತು. "ಅಷ್ಟೆಲ್ಲ ನೋಡಿ ಒಬ್ಬರಿಗೂ ಹೇಳಲಿಲ್ವಾ?"

"ಹೆದರಿಕೆ ಆಯ್ತಮ್ಮ. ಹೇಳ್ದೋನನ್ನೇ ಹಿಡ್ಕೊಂಡು ಹೋದ್ರೆ ಅಂತ. ಬೆಳಿಗ್ಗೆ ಯಾರಾದ್ರೂ ಹುಡುಕ್ಕೊಂಡು ಬರ್ತಾರೆ ನೋಡೋಣ ಅಂದ್ಕೊಂಡೆ. ಬರಲಿಲ್ಲ. ಆಮೇಲೆ..." ಅವನು ಮಂಡಿಯ ಮೇಲೆ ಕೈ ಉಜ್ಜಿದ. "ಆಮೇಲೆ ಗಾಡಿ ಬೇಕು ಅನ್ನಿಸ್ತು. ಸುಳ್ಳು ಯಾಕೆ ಹೇಳ್ಲಿ. ಬಟ್ಟೇನ ಹೊಳೆಗೆ ಹಾಕ್ದೆ. ಪ್ಯಾಂಟಿನ ಜೇಬಲ್ಲಿ ಫೋನಿತ್ತು, ಹಿಂದಿನ ದಿನ ಸಂಜೆಯೆಲ್ಲ ಅದು ಹೊಡ್ಕೊಳ್ತಾನೇ ಇತ್ತು. ಅದನ್ನೂ ಹಾಕ್ದೆ."

"ನಾನೇ ಮಾಡ್ತಿದ್ದೆ," ಎಂದರು ಬಂಗಾರಪ್ಪ.

ಕವನ ಅಪ್ಪನ ಕಡೆ ತಿರುಗಿದಳು. ಆ ಸಂಜೆ ತಾನೂ ಅಮ್ಮನೂ ಫೋನ್ ಮಾಡಿದ್ದು ಅವಳಿಗೆ ಗೊತ್ತಿತ್ತು. ಅಪ್ಪ ಬಸ್ ಸ್ಟ್ಯಾಂಡ್ ಕಡೆ ಹೋಗಿ ಒಬ್ಬರೇ ನಿಂತು ಫೋನ್ ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ.

ಚೌಡಯ್ಯ ಮತ್ತೂ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಶಿವಪ್ರಸಾದ್ ಮೆಲ್ಲಗೆ, "ಇನ್ನೇನಿದ್ರೂ ಹೇಳಿಬಿಡಪ್ಪ, ಉಳಿಸ್ಕೋಬೇಡ" ಎಂದರು.

"ಗಾಡಿ ಹ್ಯಾಂಡಲ್‌ಗೆ ಒಂದು ಚೀಲ ನೇತುಹಾಕಿದ್ರು. ಸಂತೆ ಚೀಲ. ನುಗ್ಗೆಕಾಯಿ, ಬದನೆಕಾಯಿ, ಒಂದು ಕಟ್ಟು ಕೊತ್ತಂಬರಿ. ಮೇಲುಗಡೆ ಪೇಪರ್‌ನಲ್ಲಿ ಸುತ್ತಿದ ಮಲ್ಲಿಗೆ ಹೂವು."

ದೂರದಲ್ಲಿ ಪಂಪ್‌ಸೆಟ್ಟೊಂದು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಊರು ಬಿಟ್ಟು ಹೋಗುವವನು ನುಗ್ಗೆಕಾಯಿ ಕೊಳ್ಳುವುದಿಲ್ಲ. ಅಮ್ಮನಿಗೆ ಹೂವು ಕಟ್ಟಿಸಿಕೊಳ್ಳುವುದಿಲ್ಲ. ಕವನಳಿಗೆ ಅದು ಹೊಳೆದಷ್ಟೇ ಹೊತ್ತಿಗೆ ಅಪ್ಪನಿಗೂ ಹೊಳೆದಿತ್ತು.

"ತರಕಾರಿ ಏನು ಮಾಡ್ದೆ?" ಎಂದು ಬಂಗಾರಪ್ಪ ಕೇಳಿದರು.

ಚೌಡಯ್ಯ ಅಳತೊಡಗಿದ. "ಸಾರು ಮಾಡಿದ್ವಿ ಸ್ವಾಮಿ."

ಬಂಗಾರಪ್ಪ ತಲೆಯಾಡಿಸಿದರು. ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. "ಬಾ, ಜಾಗ ತೋರಿಸು," ಎಂದರು.

ಹೊಳೆ ಆ ದಿನ ಶಾಂತವಾಗಿತ್ತು. ದಂಡೆಯಲ್ಲಿ ಅಗಲವಾದ ಬಂಡೆ, ಅದರ ಮೇಲೆ ಯಾರೋ ಬಟ್ಟೆ ಒಗೆದು ಬಿಟ್ಟುಹೋದ ಸೋಪಿನ ಗುರುತು. ಬಂಗಾರಪ್ಪ ಚಪ್ಪಲಿ ಬಿಟ್ಟು ಮೊಣಕಾಲುದ್ದದ ನೀರಿಗಿಳಿದು ನಿಂತರು. ಶಿವಪ್ರಸಾದ್ ಗಾಬರಿಯಿಂದ ಹಿಂದೆಯೇ ಪ್ಯಾಂಟು ಒದ್ದೆ ಮಾಡಿಕೊಂಡು ಇಳಿದು ಅವರ ತೋಳು ಹಿಡಿದರು. "ಏನಿಲ್ಲ ಸಾರ್, ಏನಿಲ್ಲ," ಎಂದರು ಬಂಗಾರಪ್ಪ. "ಎಷ್ಟು ಆಳ ಅಂತ ನೋಡ್ದೆ."

ಮುಂದಿನದ್ದೆಲ್ಲ ಪೊಲೀಸರ ಕೆಲಸ. ಚೌಡಯ್ಯ ಅವರ ಮುಂದೆಯೂ ಅದನ್ನೇ ಹೇಳಿದ. ಅವರು ಆಗಲೇ ಹೊಳೆಯ ಕೆಳಗಿನ ಠಾಣೆಗಳಿಗೆಲ್ಲ ಫೋನ್ ಮಾಡಿ ವಿಚಾರಿಸಿದರು. ಹೊಳೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಇನ್ನೂ ಕೆಳಕ್ಕೆ ಹರಿಯುವ ಕಡೆಯ ಠಾಣೆಯೊಂದರಲ್ಲಿ, ಪರಮೇಶ ಕಾಣೆಯಾದ ಅದೇ ವಾರ ಸಿಕ್ಕ ಗಂಡಸಿನ ಹೆಣವೊಂದರ ದಾಖಲೆ ಇತ್ತು. ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ವಾರಸುದಾರರು ಯಾರೂ ಬಂದಿರಲಿಲ್ಲ. ಬೈಕ್ ಹತ್ತಿ ಊರು ಬಿಟ್ಟುಹೋದ ಹುಡುಗನನ್ನು ಹೊಳೆಯಲ್ಲಿ ಹುಡುಕಬೇಕೆಂದು ಯಾರಿಗೂ ಅನಿಸಿರಲಿಲ್ಲ. ಫೋಟೋಗಳನ್ನು ನೋಡುವುದು ಬೇಡ ತಾಯಿ ಎಂದು ಅದೇ ಸಂಜೆ ಅಲ್ಲಿಗೆ ಹೋದಾಗ ಎಎಸ್‌ಐ ಚಂದ್ರಶೇಖರಪ್ಪ ಕವನಳಿಗೆ ಹೇಳಿದರು. ಮೈಮೇಲಿದ್ದ ಚಡ್ಡಿಯ ಫೋಟೋವನ್ನು ಮಾತ್ರ ಬೇರೆಯಾಗಿ ಅವಳ ಮುಂದಿಟ್ಟರು. ಕಬಡ್ಡಿ ಟೀಮಿನ ಹಸಿರು ಚಡ್ಡಿ. ಸೊಂಟದ ಪಟ್ಟಿ ಕಿತ್ತುಹೋಗಿದ್ದಾಗ ಹಸಿರು ದಾರ ಸಿಗದೆ ಅವಳು ಹಳದಿ ದಾರದಲ್ಲಿ ಹೊಲೆದುಕೊಟ್ಟಿದ್ದಳು. "ಏನೇ ಇದು, ಹೋಳಿಹುಣ್ಣಿಮೆ ಥರ," ಎಂದು ಅಣ್ಣ ರೇಗಿಸಿದ್ದ. ಹಳದಿ ದಾರ ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ನಮ್ಮಣ್ಣಂದೇ," ಎಂದಳು.

ರಾತ್ರಿ ಮನೆಗೆ ಬಂದಾಗ ಹಾಲಮ್ಮ ಅಡುಗೆ ಮಾಡಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು. ಕಾರಿನಿಂದ ಇಳಿದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಶಿವಪ್ರಸಾದ್ ಕೊನೆಗಿಳಿದು ಬಾಗಿಲು ಹಾಕಿದ ಮೇಲೂ ಕಾರಿನ ಒಳಗೆ ಇಣುಕಿ ನೋಡಿದಳು.

"ಬರಲ್ಲ ಅಂದ್ನಾ?" ಎಂದು ಕೇಳಿದಳು.

ದಾರಿಯುದ್ದಕ್ಕೂ ಕವನ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಬಂಗಾರಪ್ಪ ಹೋಗಿ ಹೆಂಡತಿಯ ಪಕ್ಕ ಜಗಲಿಯ ಮೇಲೆ ಕೂತರು.

"ಅವನು ಮನೆಗೇ ಬರ್ತಿದ್ದ ಕಣೆ," ಎಂದರು. "ಅವತ್ತೇ ಬರ್ತಿದ್ದ. ನಿಂಗೆ ಮಲ್ಲಿಗೆ ಹೂವು ತಗೊಂಡಿದ್ದ. ಸೆಕೆ ಅಂತ ಹೊಳೇಲಿ ಮುಳುಗು ಹಾಕೋಕೆ ಇಳಿದಿದಾನೆ. ನೀರು ಬಂದುಬಿಡ್ತು."

ಹಾಲಮ್ಮ ಗಂಡನನ್ನೇ ನೋಡಿದಳು.

"ಅವತ್ತೇನಾ?"

"ಅವತ್ತೇ."

"ಹಂಗಾದ್ರೆ ಇಷ್ಟು ದಿನ ನಾನು ಯಾರಿಗೆ ಕಾಯ್ತಿದ್ದೆ?"

ಅವಳು ಎದ್ದು ಒಳಗೆ ಹೋದಳು. ಬಿಸಿಲಿಗೆ ಹಾಕಿ ಮಡಚಿಟ್ಟಿದ್ದ ಹಾಸಿಗೆಯ ಮೇಲೆ ಬಿದ್ದುಕೊಂಡು ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆಯವರೆಲ್ಲ ಓಡಿಬಂದರು. ಬಂಗಾರಪ್ಪ ಜಗಲಿಯಲ್ಲೇ ಉಳಿದರು. ಮಗ ತನ್ನ ಮಾತಿಗೆ ಮುನಿದು ಹೋಗಲಿಲ್ಲ ಎಂಬುದೊಂದು ಅವರ ಎದೆಯಿಂದ ಇಳಿದಿತ್ತು. ಅದು ಇಳಿದ ಜಾಗದಲ್ಲಿ ಅವನು ಇನ್ನಿಲ್ಲ ಎಂಬುದು ಬಂದು ಕೂತಿತ್ತು. ಯಾವುದು ಹೆಚ್ಚು ಭಾರವೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಶಿವಪ್ರಸಾದ್ ಹೋಗಲೂ ಆಗದೆ, ಕೂರಲೂ ಆಗದೆ ಅಂಗಳದಲ್ಲಿ ನಿಂತಿದ್ದರು.

"ನಾನು ಫೋನ್ ಮಾಡಬಾರದಿತ್ತಾ ಮೇಡಂ?" ಎಂದು ಕೇಳಿದರು.

"ಮಾಡಿದ್ದು ಒಳ್ಳೇದಾಯ್ತು ಸರ್," ಎಂದಳು ಕವನ. ಹೇಳಿದ್ದು ನಿಜವೋ ಸುಳ್ಳೋ ಅವಳಿಗೆ ಆಗ ಗೊತ್ತಿರಲಿಲ್ಲ.

ಬೈಕು ಈಗ ಠಾಣೆಯ ಅಂಗಳದಲ್ಲಿದೆ. ಕೇಸು ಮುಗಿಯುವವರೆಗೆ ಬಿಡುವಂತಿಲ್ಲ. ಚೌಡಯ್ಯನಿಗೆ ಜಾಮೀನು ಸಿಕ್ಕಿತೆಂದು ಯಾರೋ ಹೇಳಿದರು. ಬಂಗಾರಪ್ಪ ಆ ಬಗ್ಗೆ ವಿಚಾರಿಸಲು ಹೋಗಲಿಲ್ಲ.

ಹತ್ತು ಹದಿನೈದು ದಿನ ಕಳೆದ ಮೇಲೆ ಮೂವರೂ ಕೂಡ್ಲಿಯ ಆಚೆಯ ಆ ಊರಿಗೆ ಹೋದರು. ವಾರಸುದಾರರಿಲ್ಲದ ಹೆಣಗಳನ್ನು ಹೂಳುವ ಜಾಗ ಊರ ಹೊರಗಿತ್ತು. ಲಂಟಾನದ ಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಣ್ಣಿನ ಗುಡ್ಡೆ. ಕೆಲವು ನೆಲಕ್ಕೆ ಸಮನಾಗಿದ್ದವು. ಗುಂಡಿ ತೋಡುತ್ತಿದ್ದ ಮನುಷ್ಯ ತೀರಿಹೋಗಿದ್ದ. ಜೊತೆಗೆ ಬಂದಿದ್ದ ಚಂದ್ರಶೇಖರಪ್ಪನವರಿಗೆ ಯಾವುದೆಂದು ತೋರಿಸಲು ಆಗಲಿಲ್ಲ.

"ಈ ಸಾಲಲ್ಲೇ ಇರಬೇಕು," ಎಂದರು. "ನೀವು ಕೇಳ್ಕೊಂಡ್ರೆ ಆರ್ಡರ್ ಮಾಡಿಸಿ ಅಗೆಸಬಹುದು. ಟೆಸ್ಟ್ ಮಾಡಿದ್ರೆ ಯಾರು ಅಂತ ಗೊತ್ತಾಗುತ್ತೆ. ಟೈಮ್ ಹಿಡಿಯುತ್ತೆ, ಆದ್ರೆ ಆಗುತ್ತೆ."

ಬಂಗಾರಪ್ಪ ಹೆಂಡತಿಯ ಮುಖ ನೋಡಿದರು.

"ಬೇಡ," ಎಂದಳು ಹಾಲಮ್ಮ. "ನಮ್ಮ ಒಬ್ಬನಿಗೋಸ್ಕರ ಮಲಗಿರೋರನ್ನೆಲ್ಲ ಎಬ್ಬಿಸಬೇಡಿ."

ಚೀಲದಿಂದ ಹಾಲಿನ ತಂಬಿಗೆ, ತುಪ್ಪದ ಬಟ್ಟಲು ತೆಗೆದಳು. ಮೊದಲ ಗುಡ್ಡೆಯ ಮುಂದೆ ಕೂತು, ಮೇಲೆ ಬೆಳೆದ ಹುಲ್ಲನ್ನು ಕೈಯಿಂದ ಸವರಿ ಸರಿಸಿ, ಹಾಲು ಎರೆದು ತುಪ್ಪ ಬಿಟ್ಟಳು. ಎದ್ದು ಎರಡನೆಯದರ ಹತ್ತಿರ ಹೋದಳು. ಅಲ್ಲಿಯೂ ಎರೆದಳು. ಮೂರನೆಯದರ ಹೊತ್ತಿಗೆ ಅಮ್ಮ ಏನು ಮಾಡುತ್ತಿದ್ದಾಳೆಂದು ಕವನಳಿಗೆ ತಿಳಿಯಿತು. ಇಷ್ಟಕ್ಕೆಲ್ಲ ಹಾಲು ಸಾಲುವುದಿಲ್ಲವೆಂದೂ ತಿಳಿಯಿತು. ಅವಳು ಊರೊಳಗಿನ ಡೈರಿಯ ಕಡೆ ನಡೆದಳು.

ಹಾಲು ತೆಗೆದುಕೊಂಡು ಹಿಂತಿರುಗಿದಾಗ ಬಂಗಾರಪ್ಪ ಮುಂದಿನ ಗುಡ್ಡೆಗಳ ಮೇಲಿನ ಕಳೆ ಕೀಳುತ್ತಿದ್ದರು. ಹಾಲಮ್ಮ ಖಾಲಿ ತಂಬಿಗೆ ಹಿಡಿದು ಅಲ್ಲೇ ಕಾಯುತ್ತ ಕೂತಿದ್ದಳು. ಕವನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ತಂಬಿಗೆಗೆ ಸುರಿದಳು.